ಚಿಲ್ಲರ್ ಓಡುತ್ತಲೇ ಇದೆ, ನೀರು ತಣ್ಣಗಾಗುತ್ತಿಲ್ಲ: ಸಾಮರ್ಥ್ಯ ಸಾಲದ ಚಿಲ್ಲರೋ, ಕೆಟ್ಟ ಚಿಲ್ಲರೋ?

ಅಕ್ವೇರಿಯಂ ಚಿಲ್ಲರ್, ಅಂದರೆ ಮೀನಿನ ತೊಟ್ಟಿಯ ನೀರು ತಣಿಸುವ ಯಂತ್ರದ ಬಗ್ಗೆ ಕೇಳಿಬರುವ ದೂರು ಹೆಚ್ಚೂಕಡಿಮೆ ಒಂದೇ ಧಾಟಿಯದು. 25 ಡಿಗ್ರಿಗೆ ಸೆಟ್ ಮಾಡಿದ್ದೇನೆ, ಹಗಲೂ ರಾತ್ರಿ ಓಡುತ್ತದೆ, ನೀರು ಮಾತ್ರ 28ರಿಂದ ಕೆಳಗಿಳಿಯುವುದಿಲ್ಲ. ಸಿಗುವ ಉತ್ತರವೂ ಒಂದೇ: ಚಿಕ್ಕದಾಯಿತು, ದೊಡ್ಡದು ತಗೊಳ್ಳಿ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಗಾಳಿಯಾಡದ ಕ್ಯಾಬಿನೆಟ್ಟಿನೊಳಗೆ ಒದ್ದಾಡುತ್ತಿರುವ ಚಿಲ್ಲರನ್ನು ತೆಗೆದು ಅದೇ ಜಾಗಕ್ಕೆ ಇನ್ನೂ ದೊಡ್ಡದನ್ನು ತಂದಿಟ್ಟರೆ, ಅದು ಹೊರಬಿಡುವ ಬಿಸಿಯೂ ದೊಡ್ಡದೇ. ದುಡ್ಡು ಹೋಯಿತು, ನೀರು ಹಾಗೇ ಉಳಿಯಿತು. ಸಾಮರ್ಥ್ಯ ಸಾಲದು ಎನ್ನುವುದು ಮೊದಲ ಊಹೆಯಾಗಬಾರದು, ಅಳೆದು ನೋಡಿದ ಮೇಲಿನ ತೀರ್ಮಾನವಾಗಬೇಕು. ಅಳೆಯುವುದಕ್ಕೆ ಬೇಕಾದದ್ದು ಒಂದು ಒಳ್ಳೆಯ ಥರ್ಮಾಮೀಟರ್, ಎರಡು ಗಂಟೆ ಸಮಯ.

ನೀರು ಈಗಾಗಲೇ ವಿಪರೀತ ಬಿಸಿಯಾಗಿದ್ದರೆ

ಪರೀಕ್ಷೆಗಳೆಲ್ಲ ಆಮೇಲೆ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ 7.5ರ ಆಸುಪಾಸು. ಸಮುದ್ರದ ನೀರಿನಲ್ಲಿ ಇನ್ನೂ ಕಡಿಮೆ. ಅದೇ ಹೊತ್ತಿಗೆ ಬಿಸಿಯಲ್ಲಿ ಮೀನಿನ ಬೇಡಿಕೆ ಏರುತ್ತದೆ. ಹಾಗಾಗಿ ಮೊದಲು ಏರ್ ಪಂಪ್ ಹಾಕಿ, ಮುಚ್ಚಳ ತೆಗೆಯಿರಿ, ಲೈಟ್ ಆರಿಸಿ, ನೀರಿನ ಮೇಲ್ಮೈಗೆ ಫ್ಯಾನ್ ಗಾಳಿ ಬಿಡಿ. ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ಐಸ್ ತೇಲಿಬಿಡಬಹುದು, ಆದರೆ ಒಂದೊಂದಾಗಿ. 1 ಕಿಲೋ ಐಸ್ ಕರಗಿ ತೊಟ್ಟಿಯ ಉಷ್ಣತೆಗೆ ಬರುವಷ್ಟರಲ್ಲಿ 240 ಲೀಟರ್ ನೀರನ್ನು ಅರ್ಧ ಡಿಗ್ರಿಗಿಂತ ಸ್ವಲ್ಪ ಕಡಿಮೆ ತಣಿಸುತ್ತದೆ. 40 ಲೀಟರಿನ ತೊಟ್ಟಿಯಲ್ಲಿ ಅದೇ ಬಾಟಲಿ ಎರಡೂವರೆ ಡಿಗ್ರಿ ಇಳಿಸಿಬಿಡುತ್ತದೆ, ಮೀನಿಗೆ ಅದೂ ಆಘಾತವೇ.

ಯಾವ ಥರ್ಮಾಮೀಟರನ್ನು ನಂಬುವುದು?

ಚಿಲ್ಲರಿನ ಮುಖದ ಮೇಲಿನ ಅಂಕಿ ತೊಟ್ಟಿಯ ಉಷ್ಣತೆಯಲ್ಲ. ಬಹಳಷ್ಟು ಮಾದರಿಗಳಲ್ಲಿ ಸೆನ್ಸರ್ ಇರುವುದು ಚಿಲ್ಲರಿನ ಒಳಗೆ, ನೀರು ಹಾದುಹೋಗುವ ದಾರಿಯಲ್ಲಿ. ನೀರು ಚೆನ್ನಾಗಿ ಹರಿಯುತ್ತಿದ್ದರೆ ಎರಡೂ ಒಂದೇ ತೋರಿಸುತ್ತವೆ. ಹರಿವು ಕುಂಟಿದರೆ ಒಳಗಿರುವ ಸ್ವಲ್ಪ ನೀರು ಬೇಗ ತಣ್ಣಗಾಗುತ್ತದೆ, ಸೆನ್ಸರ್ ಕೆಲಸ ಮುಗಿಯಿತು ಎಂದುಕೊಳ್ಳುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ತೊಟ್ಟಿ 28ರಲ್ಲೇ ಇರುತ್ತದೆ, ಪರದೆ ಮೇಲೆ ಮಾತ್ರ 25.

ಆದ್ದರಿಂದ ತೊಟ್ಟಿಯಲ್ಲಿ ಬೇರೆಯದೇ ಡಿಜಿಟಲ್ ಥರ್ಮಾಮೀಟರ್ ಇರಲಿ, 0.1 ಡಿಗ್ರಿ ತೋರಿಸುವಂಥದ್ದು. ಅದನ್ನು ಪರೀಕ್ಷಿಸುವುದು ಸುಲಭ: ಪುಡಿ ಮಾಡಿದ ಐಸನ್ನು ಲೋಟದ ತುಂಬ ತುಂಬಿ, ಸಂದು ಮುಚ್ಚುವಷ್ಟು ನೀರು ಹಾಕಿ, ಕಲಕಿ, ಸೆನ್ಸರ್ ಮುಳುಗಿಸಿ. ಸೊನ್ನೆಯ ಹತ್ತಿರ ನಿಲ್ಲಬೇಕು. ಅರ್ಧ ಡಿಗ್ರಿ ಆಚೀಚೆ ತೋರಿಸಿದರೂ ತೊಂದರೆಯಿಲ್ಲ, ಯಾಕೆಂದರೆ ಮುಂದಿನ ಪರೀಕ್ಷೆಗೆ ಬೇಕಿರುವುದು ವ್ಯತ್ಯಾಸ. ಗಾಜಿಗೆ ಹೊರಗಿನಿಂದ ಅಂಟಿಸುವ ಪಟ್ಟಿ ಮಾತ್ರ ಈ ಕೆಲಸಕ್ಕೆ ಬೇಡ, ಅದು ನೀರಿನ ಜೊತೆ ಕೋಣೆಯ ಗಾಳಿಯನ್ನೂ ಅಳೆಯುತ್ತದೆ.

ಎರಡು ಗಂಟೆಯ ಪರೀಕ್ಷೆ

ಇಡೀ ಕೆಲಸದ ತಿರುಳು ಇದು. ಮೊದಲ ಗಂಟೆ ಚಿಲ್ಲರ್ ತಣಿಸದಂತೆ ನೋಡಿಕೊಂಡು ನೀರು ಎಷ್ಟು ಏರುತ್ತದೆ ಎಂದು ಅಳೆಯಿರಿ. ಪ್ಲಗ್ ಕೀಳಬೇಡಿ, ಸೆಟ್ಟಿಂಗನ್ನು ನಾಲ್ಕೈದು ಡಿಗ್ರಿ ಮೇಲಕ್ಕೆ ಏರಿಸಿದರೆ ಸಾಕು. ಪಂಪ್ ಎಂದಿನಂತೆ ನೀರು ಹರಿಸುತ್ತಿರಬೇಕು, ಲೈಟ್ ಎಂದಿನಂತೆ ಉರಿಯುತ್ತಿರಬೇಕು. ಹೀಟರ್ ಇದ್ದರೆ ಅದನ್ನು ಮಾತ್ರ ಪ್ಲಗ್‌ನಿಂದಲೇ ತೆಗೆಯಿರಿ. ಎರಡನೆಯ ಗಂಟೆ ಸೆಟ್ಟಿಂಗನ್ನು ಪೂರ್ತಿ ಕೆಳಗಿಳಿಸಿ ಚಿಲ್ಲರ್ ಬಿಡುವಿಲ್ಲದೆ ಓಡಲಿ, ಎಷ್ಟು ಇಳಿಯಿತು ಎಂದು ಬರೆದುಕೊಳ್ಳಿ. ಕಂಪ್ರೆಸರನ್ನು ಕಾಪಾಡಲು ಶುರುವಿಗೆ ಮೂರು ನಿಮಿಷ ತಡೆಯುವ ಚಿಲ್ಲರುಗಳುಂಟು. ಗಡಿಯಾರ ನೋಡುವುದು ಕಂಪ್ರೆಸರ್ ಸದ್ದು ಕೇಳಿದ ಮೇಲೆ. ಎರಡೂ ಅಳತೆ ನಿಮಗೆ ಬೇಕಾದ ಉಷ್ಣತೆಯ ಹತ್ತಿರವೇ ಆಗಬೇಕು. ನೀರು 28ರಿಂದ ಕೆಳಗೆ ಇಳಿಯುವುದೇ ಇಲ್ಲ ಎಂದಾದರೆ ಐಸ್ ಬಾಟಲಿಯಿಂದ 25ಕ್ಕೆ ತಂದು, ಬಾಟಲಿ ತೆಗೆದು, ಆಮೇಲೆ ಶುರುಮಾಡಿ.

ಒಂದು ಉದಾಹರಣೆ. ಸಂಪ್ (ತೊಟ್ಟಿಯ ಕೆಳಗೆ ಕ್ಯಾಬಿನೆಟ್ಟಿನಲ್ಲಿಡುವ ಫಿಲ್ಟರ್ ತೊಟ್ಟಿ) ಸೇರಿ 240 ಲೀಟರ್ ನೀರಿರುವ ತೊಟ್ಟಿ. ಸಂಜೆ ಚಿಲ್ಲರ್ ತಣಿಸದಿದ್ದಾಗ ಗಂಟೆಗೆ 0.7 ಡಿಗ್ರಿ ಏರಿತು, ಓಡಿದಾಗ ಗಂಟೆಗೆ 0.3 ಇಳಿಯಿತು. ಅಂದರೆ ಚಿಲ್ಲರ್ ಆ 0.7ನ್ನು ಹೊಡೆದುಹಾಕಿ ಮೇಲೆ 0.3 ಇಳಿಸಿದೆ. ಅದರ ನಿಜವಾದ ಶಕ್ತಿ ಗಂಟೆಗೆ 1 ಡಿಗ್ರಿ. ಅಲ್ಲಿಗೆ ನೀರನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲು ಅದು ಶೇ. 70ರಷ್ಟು ಹೊತ್ತು ಓಡಬೇಕು. ಗಮನಿಸಿ, ಇಷ್ಟು ಹೇಳುವುದಕ್ಕೆ ತೊಟ್ಟಿಯಲ್ಲಿ ಎಷ್ಟು ಲೀಟರ್ ಇದೆ ಎಂದು ಗೊತ್ತಿರಬೇಕಾಗಿಯೇ ಇಲ್ಲ. ಏರಿಕೆಯನ್ನು, ಏರಿಕೆ ಮತ್ತು ಇಳಿಕೆಯ ಮೊತ್ತದಿಂದ ಭಾಗಿಸಿದರೆ ಮುಗಿಯಿತು.

ಅದೇ ತೊಟ್ಟಿ ಮಧ್ಯಾಹ್ನ, ಕೋಣೆ ಕಾದು ಲೈಟೂ ಉರಿಯುತ್ತಿರುವಾಗ, ಚಿಲ್ಲರ್ ಇಲ್ಲದೆ ಗಂಟೆಗೆ 1.1 ಡಿಗ್ರಿ ಏರಿತು ಅನ್ನಿ. ಚಿಲ್ಲರಿನ ಶಕ್ತಿ 1 ಡಿಗ್ರಿ. ಅದು ಎಷ್ಟೇ ಓಡಲಿ, ನೀರು ಗಂಟೆಗೆ 0.1ರಂತೆ ಮೇಲೇರುತ್ತಲೇ ಹೋಗುತ್ತದೆ. ರಾತ್ರಿ ಸರಿಯಾಗಿದ್ದು ಮಧ್ಯಾಹ್ನ ಕೈಬಿಡುವ ಚಿಲ್ಲರುಗಳ ಕಥೆ ಬಹುಮಟ್ಟಿಗೆ ಇದೇ. ಪರೀಕ್ಷೆಯನ್ನು ಬೆಳಗಿನ ತಂಪಿನಲ್ಲಿ ಮಾಡಿ ನಿಶ್ಚಿಂತರಾಗಬೇಡಿ. ದಿನದ ಅತಿ ಬಿಸಿ ಹೊತ್ತೇ ಪರೀಕ್ಷೆಯ ಹೊತ್ತು.

ಈಗ ಡಿಗ್ರಿಯನ್ನು ವ್ಯಾಟ್‌ಗೆ ತಿರುಗಿಸೋಣ. 1 ಲೀಟರ್ ನೀರನ್ನು 1 ಡಿಗ್ರಿ ಬದಲಿಸಲು ಸುಮಾರು 1.16 ವ್ಯಾಟ್-ಗಂಟೆ ಬೇಕು. 240 ಲೀಟರಿನ ತೊಟ್ಟಿಗೆ ಗಂಟೆಗೆ 1 ಡಿಗ್ರಿ ಎಂದರೆ 278 ವ್ಯಾಟ್. ಚಿಲ್ಲರಿನ ತಣಿಸುವ ಶಕ್ತಿ ಅದು. ಮಧ್ಯಾಹ್ನ ತೊಟ್ಟಿಗೆ ನುಗ್ಗುವ ಬಿಸಿ 1.1 ಡಿಗ್ರಿಯ ಲೆಕ್ಕದಲ್ಲಿ 306 ವ್ಯಾಟ್. ಲೀಟರ್ ಲೆಕ್ಕಕ್ಕೆ ತೊಟ್ಟಿಯ ಹೊರ ಅಳತೆ ಗುಣಿಸಬೇಡಿ; ಕಲ್ಲು, ಮರಳು, ಮೇಲೆ ಬಿಟ್ಟ ಖಾಲಿ ಜಾಗ ಎಲ್ಲ ಕಳೆದು, ಸಂಪಿನ ನೀರು ಕೂಡಿಸಿ. ಕಲ್ಲು, ಗಾಜೂ ಸ್ವಲ್ಪ ಬಿಸಿ ಹೀರುವುದರಿಂದ ನಿಜವಾದ ಅಂಕಿ ಇದಕ್ಕಿಂತ ಒಂದಿಷ್ಟು ಹೆಚ್ಚೇ ಇರುತ್ತದೆ, ಎರಡೂ ಕಡೆ ಒಂದೇ ಪ್ರಮಾಣದಲ್ಲಿ.

ಈ ವ್ಯಾಟನ್ನು ಚಿಲ್ಲರಿನ ಲೇಬಲ್ ಜೊತೆ ಹೋಲಿಸಿ. ನೋಡಬೇಕಾದದ್ದು ತಣಿಸುವ ಸಾಮರ್ಥ್ಯ, ಕರೆಂಟ್ ಎಳೆಯುವ ವ್ಯಾಟ್ ಅಲ್ಲ. ಅಳೆದದ್ದು ಲೇಬಲ್‌ಗಿಂತ ಹತ್ತು ಹದಿನೈದು ಶೇಕಡಾ ಕಡಿಮೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧಕ್ಕೆ ಇಳಿದಿದ್ದರೆ ಚಿಲ್ಲರ್ ಚಿಕ್ಕದಾಗಿಲ್ಲ, ಅದಕ್ಕೆ ಏನೋ ಆಗಿದೆ.

ಶಕ್ತಿ ಲೇಬಲ್‌ಗಿಂತ ಬಹಳ ಕಡಿಮೆ ಬಂದರೆ

ಮೊದಲು ಗಾಳಿ. ಚಿಲ್ಲರ್ ಬಿಸಿಯನ್ನು ನಾಶ ಮಾಡುವುದಿಲ್ಲ, ನೀರಿನಿಂದ ಎತ್ತಿ ಗಾಳಿಗೆ ಹಾಕುತ್ತದೆ. ತಾನು ಎಳೆದ ಕರೆಂಟೂ ಬಿಸಿಯಾಗಿ ಅದೇ ಗಾಳಿಗೆ ಸೇರುತ್ತದೆ. 280 ವ್ಯಾಟ್ ತಣಿಸುತ್ತ 150 ವ್ಯಾಟ್ ಕರೆಂಟ್ ತಿನ್ನುವ ಚಿಲ್ಲರ್ 430 ವ್ಯಾಟಿನ ಹೀಟರಿಗೆ ಸಮ. ಅದನ್ನು ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ, ಪಕ್ಕದಲ್ಲೇ ಸಂಪ್ ಇಟ್ಟು, ಬಾಗಿಲು ಹಾಕಿದರೆ ಬಾವಿಯಿಂದ ಸೇದಿದ ನೀರನ್ನು ಮತ್ತೆ ಬಾವಿಗೇ ಸುರಿದಂತೆ. ಗಂಟೆಗಟ್ಟಲೆ ಓಡಿದ ಮೇಲೆ ಚಿಲ್ಲರ್ ಗಾಳಿ ಒಳಗೆಳೆದುಕೊಳ್ಳುವ ಜಾಲರಿಯ ಮುಂದೆ ಥರ್ಮಾಮೀಟರ್ ಹಿಡಿಯಿರಿ. ಕೋಣೆಯ ಗಾಳಿಗಿಂತ ಅಲ್ಲಿ ಎರಡು ಮೂರು ಡಿಗ್ರಿ ಹೆಚ್ಚಿದ್ದರೆ ತಪ್ಪಿತಸ್ಥ ಸಿಕ್ಕಿದ. ಬಾಗಿಲು ತೆರೆದಿಟ್ಟು ಎರಡನೆಯ ಗಂಟೆಯ ಪರೀಕ್ಷೆ ಮತ್ತೊಮ್ಮೆ ಮಾಡಿದರೆ ಊಹೆ ಬೇಡ, ಪುರಾವೆಯೇ ಕೈಯಲ್ಲಿರುತ್ತದೆ. ಪರಿಹಾರ ಚಿಲ್ಲರನ್ನು ಹೊರಗಿಡುವುದು. ಆಗದಿದ್ದರೆ ಬಿಸಿಗಾಳಿ ಹೊರಹೋಗಲು ಹಿಂದಿನ ಹಲಗೆ ಕೊರೆಯಬೇಕು. ತಂಪುಗಾಳಿ ಬರುವ ದಾರಿ, ಬಿಸಿಗಾಳಿ ಹೋಗುವ ದಾರಿ ಬೇರೆ ಬೇರೆ ಇರಲಿ. ಚಿಲ್ಲರ್ ಇರುವ ಕೋಣೆಯೇ ಚಿಕ್ಕದಾಗಿ, ಮುಚ್ಚಿಕೊಂಡಿದ್ದರೆ ಕೋಣೆಯೇ ಕ್ಯಾಬಿನೆಟ್ ಆಗುತ್ತದೆ, ಅದನ್ನೂ ಮರೆಯಬಾರದು.

ಎರಡನೆಯದು ದೂಳು. ಪ್ಲಗ್ ತೆಗೆದು, ಜಾಲರಿ ಬಿಚ್ಚಿ, ಟಾರ್ಚ್ ಹಾಕಿ ಕಂಡೆನ್ಸರಿನ (ಬಿಸಿಯನ್ನು ಗಾಳಿಗೆ ಬಿಡುವ ಭಾಗ) ಅಲ್ಯೂಮಿನಿಯಂ ರೆಕ್ಕೆಗಳನ್ನು ನೋಡಿ. ಬೂದು ಕಂಬಳಿ ಹೊದ್ದಿದ್ದರೆ ಮೆತ್ತಗಿನ ಬ್ರಷ್, ವ್ಯಾಕ್ಯೂಮ್ ಕ್ಲೀನರ್ ಸಾಕು. ರೆಕ್ಕೆಗಳು ಬಾಗದಂತೆ ಮೇಲಿಂದ ಕೆಳಕ್ಕೆ ಉಜ್ಜಬೇಕು. ಬೆಕ್ಕು ನಾಯಿ ಇರುವ ಮನೆಯಲ್ಲಿ ಇದನ್ನು ತಿಂಗಳಿಗೊಮ್ಮೆ ಮಾಡಿದರೂ ಹೆಚ್ಚಲ್ಲ. ಫ್ಯಾನ್ ಸಲೀಸಾಗಿ ತಿರುಗುತ್ತದೆಯೇ ಎಂದೂ ಬೆರಳಿನಿಂದ ನೋಡಿ.

ಆಮೇಲೆ ನೀರಿನ ಹರಿವು. ಇಲ್ಲಿ ಒಂದು ಭ್ರಮೆಯನ್ನು ಮೊದಲು ಬಿಡಬೇಕು. ಚಿಲ್ಲರಿನಿಂದ ಬರುವ ನೀರನ್ನು ಮುಟ್ಟಿ "ತಣ್ಣಗೇ ಇಲ್ಲವಲ್ಲ" ಎನ್ನುವವರು ಬಹಳ. ಗಂಟೆಗೆ 1000 ಲೀಟರ್ ಹರಿಯುತ್ತಿದ್ದು ಚಿಲ್ಲರ್ 280 ವ್ಯಾಟ್ ತಣಿಸುತ್ತಿದ್ದರೆ ಒಳಹೋಗುವ ಮತ್ತು ಹೊರಬರುವ ನೀರಿನ ವ್ಯತ್ಯಾಸ 0.24 ಡಿಗ್ರಿ ಅಷ್ಟೇ. ಕೈಗೆ ಅದು ತಿಳಿಯುವುದು ಅಸಾಧ್ಯ. ಹೊರಬರುವ ನೀರು ಕೈಗೆ ತಣ್ಣಗೆ ಹತ್ತಿದರೆ ಹರಿವು ಸಾಲುತ್ತಿಲ್ಲ ಎಂದೇ ನಾನು ಮೊದಲು ಅನುಮಾನಿಸುತ್ತೇನೆ. ಹರಿವು ಅಳೆಯಲು ಹಿಂತಿರುಗುವ ಪೈಪನ್ನು ಬಕೆಟ್ಟಿಗೆ ಬಿಟ್ಟು 10 ಲೀಟರ್ ತುಂಬಲು ಎಷ್ಟು ಸೆಕೆಂಡ್ ಎಂದು ಎಣಿಸಿ. 36 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 1000 ಲೀಟರ್. ಚಿಲ್ಲರಿನ ಕೈಪಿಡಿಯಲ್ಲಿ ಕನಿಷ್ಠ, ಗರಿಷ್ಠ ಹರಿವು ಬರೆದಿರುತ್ತದೆ, ಅದರೊಳಗೆ ಇರಬೇಕು. ಪಂಪಿನ ಡಬ್ಬದ ಮೇಲಿನ ಅಂಕಿಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ಅದು ಎತ್ತರ, ಪೈಪಿನ ತಿರುವು ಏನೂ ಇಲ್ಲದಾಗಿನ ಮಾತು. ಕ್ಯಾನಿಸ್ಟರ್ ಫಿಲ್ಟರಿನ (ತೊಟ್ಟಿಯ ಹೊರಗಿಡುವ ಡಬ್ಬದಂಥ ಫಿಲ್ಟರ್) ಜೊತೆಗೇ ಚಿಲ್ಲರ್ ಜೋಡಿಸಿದ್ದರೆ ಫಿಲ್ಟರ್ ಕೊಳೆಯಾದಷ್ಟೂ ತಣಿಸುವುದು ಕುಗ್ಗುತ್ತದೆ. ಹರಿವು ಪೂರ್ತಿ ನಿಂತು ಸೆನ್ಸರೂ ಕೈಕೊಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ, ನೀರಿನ ಬಿಸಿ ಎಳೆದುಕೊಳ್ಳುವ ಭಾಗವಾದ ಹೀಟ್ ಎಕ್ಸ್‌ಚೇಂಜರ್ ಒಡೆಯುವ ಅಪಾಯವೂ ಇದೆ.

ನೀರು ಎಳೆಯುವ ಬಾಯಿ, ಬಿಡುವ ಬಾಯಿ ಅಕ್ಕಪಕ್ಕದಲ್ಲಿವೆಯೇ? ಹಾಗಿದ್ದರೆ ತಣಿದ ನೀರೇ ಮತ್ತೆ ಚಿಲ್ಲರಿಗೆ ಹೋಗುತ್ತಿರುತ್ತದೆ. ಸಂಪಿನ ಒಂದು ತುದಿಯಿಂದ ಎಳೆದು, ತೊಟ್ಟಿಗೆ ಏರುವ ರಿಟರ್ನ್ ಪಂಪಿನ ಬಳಿ ಬಿಡಿ.

ಗಾಳಿ, ದೂಳು, ಹರಿವು ಮೂರೂ ಸರಿಯಿದ್ದರೆ ಹೀಟ್ ಎಕ್ಸ್‌ಚೇಂಜರ್ ಒಳಗೆ ಸುಣ್ಣ, ಪಾಚಿ ಲೋಳೆ ಕಟ್ಟಿರಬಹುದು. ತೊಟ್ಟಿಯಿಂದ ಬಿಡಿಸಿ, ಬಕೆಟ್ಟಿನಲ್ಲಿ ಸಿಟ್ರಿಕ್ ಆಮ್ಲದ ತೆಳು ದ್ರಾವಣ ಮಾಡಿ ಸಣ್ಣ ಪಂಪಿನಿಂದ ಸುತ್ತಿಸಿ, ಆಮೇಲೆ ಬರಿನೀರಿನಿಂದ ಚೆನ್ನಾಗಿ ತೊಳೆಯಿರಿ. ಈ ಹೊತ್ತಿನಲ್ಲಿ ಕಂಪ್ರೆಸರ್ ಆಫ್ ಇರಬೇಕು.

ಇಷ್ಟಾದರೂ ಶಕ್ತಿ ಬರಲಿಲ್ಲ. ಕಂಪ್ರೆಸರ್ ಗುಂಯ್‌ಗುಡುತ್ತಿದೆ, ಫ್ಯಾನ್ ತಿರುಗುತ್ತಿದೆ, ಆದರೆ ಹೊರಬರುವ ಗಾಳಿ ಬಿಸಿಯಾಗಿಲ್ಲ. ಆಗ ಚಿಲ್ಲರಿನೊಳಗಿನ ತಣಿಸುವ ಅನಿಲ ಸೋರಿರುವ ಸಾಧ್ಯತೆಯೇ ಹೆಚ್ಚು. ಇದು ಮನೆಯಲ್ಲಿ ಕೈಹಾಕುವ ಕೆಲಸವಲ್ಲ. ಕೆಲವು ಚಿಲ್ಲರುಗಳಲ್ಲಿ ಆರ್290 ಅಥವಾ ಆರ್600ಎ ಇರುತ್ತದೆ, ಅಂದರೆ ಪ್ರೊಪೇನ್, ಐಸೊಬ್ಯೂಟೇನ್. ಕಿಡಿ ಸಿಕ್ಕರೆ ಹೊತ್ತಿಕೊಳ್ಳುವ ಅನಿಲಗಳು. ತಂತ್ರಜ್ಞರನ್ನೇ ಕರೆಯಿರಿ.

ಶಕ್ತಿ ಸರಿಯಿದೆ, ಏರಿಕೆಯೇ ಹೆಚ್ಚು

ಇಲ್ಲಿ ಚಿಲ್ಲರ್ ನಿರಪರಾಧಿ. ಬಿಸಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು.

ಎಲ್ಲಕ್ಕಿಂತ ಮೊದಲು ಹೀಟರ್. 26ಕ್ಕೆ ಸೆಟ್ ಆದ ಹೀಟರ್, 25ಕ್ಕೆ ಸೆಟ್ ಆದ ಚಿಲ್ಲರ್ ಒಂದೇ ತೊಟ್ಟಿಯಲ್ಲಿ ರಾತ್ರಿಯಿಡೀ ಕುಸ್ತಿ ಆಡುತ್ತಿರುತ್ತವೆ, ಬಿಲ್ ಕಟ್ಟುವವರು ನೀವು. ಎರಡರ ನಡುವೆ ಕನಿಷ್ಠ 2 ಡಿಗ್ರಿ ಅಂತರವಿರಲಿ. ಇನ್ನೂ ಒಳ್ಳೆಯದು, ಎರಡನ್ನೂ ಒಂದೇ ಕಂಟ್ರೋಲರಿಗೆ ಕೊಡುವುದು. ಹೀಟರಿನ ಥರ್ಮೋಸ್ಟಾಟ್ ಅಂಟಿಕೊಂಡು ಸದಾ ಉರಿಯುತ್ತಿರುವುದೂ ಉಂಟು. ಪರೀಕ್ಷೆಯಲ್ಲಿ ಅದನ್ನು ಪ್ಲಗ್‌ನಿಂದಲೇ ತೆಗೆಯಿರಿ ಎಂದದ್ದು ಇದಕ್ಕೇ.

ನೀರಿನಲ್ಲಿ ಮುಳುಗಿದ ಪಂಪ್ ಎಳೆಯುವ ವ್ಯಾಟೆಲ್ಲ ಹೆಚ್ಚೂಕಡಿಮೆ ನೀರಿಗೇ ಬಿಸಿಯಾಗಿ ಸೇರುತ್ತದೆ. 60 ವ್ಯಾಟಿನ ರಿಟರ್ನ್ ಪಂಪ್, ಎರಡು ವೇವ್ ಮೇಕರ್ (ಅಲೆ ಎಬ್ಬಿಸುವ ಪಂಪ್), ಯುವಿ ದೀಪ, ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ) ಪಂಪ್ ಎಲ್ಲ ಕೂಡಿಸಿ ನೋಡಿ, 100 ವ್ಯಾಟ್ ದಾಟುವುದು ಕಷ್ಟವಲ್ಲ. ನಮ್ಮ ಉದಾಹರಣೆಯ 306 ವ್ಯಾಟಿನಲ್ಲಿ ಮೂರನೆಯ ಒಂದು ಭಾಗ ಅದು. ಹಳೆಯ ಪಂಪಿನ ಬದಲಿಗೆ ಕಡಿಮೆ ವ್ಯಾಟಿನ ಡಿಸಿ ಪಂಪ್ ಹಾಕುವುದು ಎಷ್ಟೋ ಸಲ ಹೊಸ ಚಿಲ್ಲರಿಗಿಂತ ಅಗ್ಗದ ಪರಿಹಾರ. ಮೆಟಲ್ ಹ್ಯಾಲೈಡ್ ದೀಪ ಇನ್ನೂ ಇಟ್ಟುಕೊಂಡವರು ಎಲ್‌ಇಡಿಗೆ ಬದಲಿಸಿದರೆ ವ್ಯತ್ಯಾಸ ಅದೇ ದಿನ ಕಾಣುತ್ತದೆ.

ಆವಿಯಾಗುವಿಕೆಯ ಬಲವನ್ನು ಜನ ಕಡೆಗಣಿಸುತ್ತಾರೆ. 1 ಲೀಟರ್ ನೀರು ಆವಿಯಾದರೆ ಸುಮಾರು 675 ವ್ಯಾಟ್-ಗಂಟೆ ಬಿಸಿ ಹೋಯಿತು. ದಿನಕ್ಕೆ 3 ಲೀಟರ್ ಆವಿಯಾಗುವ ತೊಟ್ಟಿಗೆ ಇಡೀ ದಿನ 84 ವ್ಯಾಟಿನ ಚಿಲ್ಲರ್ ಪುಕ್ಕಟೆ ಸಿಕ್ಕಂತೆ. ಗಾಜಿನ ಮುಚ್ಚಳ ಹಾಕಿದ ದಿನದಿಂದ ಚಿಲ್ಲರ್ ಸೋಲಲು ಶುರುವಾಗಿದ್ದರೆ ಕಾರಣ ಇಲ್ಲಿದೆ. ಮುಚ್ಚಳದ ಬದಲು ಜಾಲರಿ ಹಾಕಿದರೆ ಮೀನೂ ಹಾರುವುದಿಲ್ಲ, ಆವಿಯೂ ಹೋಗುತ್ತದೆ. ಉಪ್ಪುನೀರಿನ ತೊಟ್ಟಿಯಾದರೆ ಆವಿಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಿ, ಇಲ್ಲವಾದರೆ ಲವಣಾಂಶ ಏರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಿರುವ ದಿನಗಳಲ್ಲಿ ಮಾತ್ರ ಫ್ಯಾನಿನ ಆಟ ನಡೆಯುವುದಿಲ್ಲ.

ಆಗಾಗ ಆನ್, ಆಗಾಗ ಆಫ್

ಕೆಲವೇ ನಿಮಿಷ ಓಡಿ ನಿಂತು ಮತ್ತೆ ಶುರುವಾಗುವ ಚಿಲ್ಲರಿಗೆ ಎರಡು ಅರ್ಥ. ತೊಟ್ಟಿಯ ಥರ್ಮಾಮೀಟರ್ ಇನ್ನೂ ಬಿಸಿ ತೋರಿಸುತ್ತಿದ್ದರೆ ಹರಿವಿನ ತೊಂದರೆ, ಮೇಲೆ ಹೇಳಿದ್ದೇ. ತೊಟ್ಟಿಯೂ ನಿಜವಾಗಿ ತಣ್ಣಗಾಗುತ್ತಿದ್ದರೆ ಚಿಲ್ಲರ್ ತೊಟ್ಟಿಗಿಂತ ದೊಡ್ಡದಾಗಿದೆ. ಕಂಪ್ರೆಸರ್ ಸವೆಯುವುದು ಓಡುವುದಕ್ಕಿಂತ ಹೆಚ್ಚಾಗಿ ಪದೇ ಪದೇ ಶುರುವಾಗುವುದರಿಂದ. ಆನ್-ಆಫ್ ನಡುವಿನ ಅಂತರವನ್ನು 0.3ರಿಂದ 1 ಡಿಗ್ರಿಗೆ ಹೆಚ್ಚಿಸಿದರೆ ಸಾಮಾನ್ಯವಾಗಿ ಸಾಕು. 1 ಡಿಗ್ರಿಯ ಏರಿಳಿತವನ್ನು ಮೀನು ಸಹಿಸುತ್ತದೆ.

ಶುರುವಾಗದೆ ಟಕ್ ಎಂದು ಸದ್ದು, ಗುಂಯ್ ಎನ್ನುವ ನರಳಿಕೆ, ಮತ್ತೆ ಟಕ್. ಇದು ಗಾತ್ರದ ಪ್ರಶ್ನೆಯೇ ಅಲ್ಲ. ವೋಲ್ಟೇಜ್ ಕುಸಿದಿದೆ, ಅಥವಾ ತೆಳ್ಳಗಿನ ಎಕ್ಸ್‌ಟೆನ್ಷನ್ ವೈರಿನಲ್ಲಿ ಹಾಕಿದ್ದೀರಿ, ಅಥವಾ ಸ್ಟಾರ್ಟ್ ರಿಲೇ, ಕೆಪಾಸಿಟರ್ ಹೋಗಿದೆ. ಗೋಡೆಯ ಸಾಕೆಟ್ಟಿಗೆ ನೇರ ಹಾಕಿ ನೋಡಿ. ಚಿಲ್ಲರನ್ನು ಮಲಗಿಸಿ ಸಾಗಿಸಿದ್ದರೆ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ, ಸಾಧ್ಯವಾದರೆ ಒಂದು ದಿನ ಬಿಟ್ಟು ಆಮೇಲೆ ಆನ್ ಮಾಡಿ. ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಮರಳಬೇಕು.

ನಿಜವಾಗಿಯೂ ಸಾಲದು ಎಂದಾದರೆ

ಎಲ್ಲ ಸರಿಪಡಿಸಿಯೂ ಮಧ್ಯಾಹ್ನದ ಏರಿಕೆ 306 ವ್ಯಾಟಿನಲ್ಲೇ ನಿಂತಿತು ಅನ್ನಿ. ಅದಕ್ಕೆ ಕಾಲು ಭಾಗದಿಂದ ಮೂರನೆಯ ಒಂದು ಭಾಗ ಸೇರಿಸಿ, 400 ವ್ಯಾಟಿನ ಸುತ್ತ ಹುಡುಕಿ. ಅತಿ ಬಿಸಿ ಹೊತ್ತಿನಲ್ಲೂ ಚಿಲ್ಲರಿಗೆ ಗಂಟೆಯಲ್ಲಿ ಹತ್ತು ಹದಿನೈದು ನಿಮಿಷ ಬಿಡುವು ಸಿಗಬೇಕು. ಅದಕ್ಕಿಂತ ದೊಡ್ಡದು ಬೇಕಿಲ್ಲ. ಲೇಬಲ್‌ನಲ್ಲಿ ಗಂಟೆಗೆ ಬಿಟಿಯು (ಬಿಸಿ ಅಳೆಯುವ ಇನ್ನೊಂದು ಮಾನ) ಇದ್ದರೆ 3.41ರಿಂದ ಭಾಗಿಸಿ, ಗಂಟೆಗೆ ಕಿಲೋ ಕ್ಯಾಲರಿ ಇದ್ದರೆ 1.16ರಿಂದ ಗುಣಿಸಿ. 400 ವ್ಯಾಟ್ ಎಂದರೆ ಗಂಟೆಗೆ 1365 ಬಿಟಿಯು.

ಎಚ್‌ಪಿ ನೋಡಿ ಕೊಳ್ಳಬೇಡಿ. ಅದು ಕಂಪ್ರೆಸರ್ ಮೋಟಾರಿನ ಹೆಸರು, ತಣಿಸುವ ಶಕ್ತಿಯಲ್ಲ. ಹತ್ತನೆಯ ಒಂದು ಎಚ್‌ಪಿ ಎಂದು ಬರೆದ ಎರಡು ಚಿಲ್ಲರುಗಳು ಬೇರೆ ಬೇರೆ ವ್ಯಾಟ್ ತಣಿಸುತ್ತವೆ. ಲೀಟರ್ ನೋಡಿಯೂ ಕೊಳ್ಳಬೇಡಿ. 32 ಡಿಗ್ರಿಯ ಕೋಣೆಯಲ್ಲಿ ಹವಳದ ತೊಟ್ಟಿಯನ್ನು 26ರಲ್ಲಿ ಇಡಲು ಅಂತರ 6 ಡಿಗ್ರಿ, ತಣ್ಣೀರಿನಲ್ಲಿ ಬದುಕುವ ಉಭಯಚರ ಆಕ್ಸೊಲಾಟಲ್‌ನ ತೊಟ್ಟಿಯನ್ನು 17ರಲ್ಲಿ ಇಡಲು 15. ಲೀಟರ್ ಒಂದೇ ಆದರೂ ಗಾಜಿನ ಮೂಲಕ ನುಗ್ಗುವ ಬಿಸಿ ಎರಡೂವರೆ ಪಟ್ಟು. ಮೇಲಾಗಿ ತಣ್ಣನೆ ನೀರಿನಿಂದ ಆವಿಯಾಗುವುದು ಬಹಳ ಕುಗ್ಗುತ್ತದೆ, ತೇವದ ದಿನ ಗಾಜಿನ ಮೇಲೆ ಹನಿಗಟ್ಟಿ ಉಲ್ಟಾ ಬಿಸಿ ಸೇರುತ್ತದೆ. ನೀರು ತಣ್ಣಗಾದಷ್ಟೂ, ಕೋಣೆ ಬಿಸಿಯಾದಷ್ಟೂ ಚಿಲ್ಲರಿನ ಶಕ್ತಿಯೂ ಕುಗ್ಗುತ್ತದೆ. ಲೇಬಲ್ ಅಂಕಿ ಯಾವ ಕೋಣೆಯ ಉಷ್ಣತೆಗೆ, ಯಾವ ನೀರಿನ ಉಷ್ಣತೆಗೆ ಹೇಳಿದ್ದು ಎಂದು ಕೇಳಿ. ಇಂಥ ತಣ್ಣನೆ ತೊಟ್ಟಿಗೆ ಹಿಂದೆ, ಪಕ್ಕದಲ್ಲಿ, ಅಡಿಯಲ್ಲಿ ಫೋಮ್ ಹಾಳೆ ಅಂಟಿಸಿದರೆ ಬೇಕಾದ ಚಿಲ್ಲರಿನ ಗಾತ್ರವೇ ಇಳಿಯುತ್ತದೆ. ಕಂಪ್ರೆಸರ್ ಇಲ್ಲದೆ ವಿದ್ಯುತ್ತಿನಿಂದಲೇ ತಣಿಸುವ ಪೆಲ್ಟಿಯರ್ ಚಿಲ್ಲರುಗಳು ಪುಟ್ಟ ತೊಟ್ಟಿಗಳಿಗೆ ಮಾತ್ರ. ಉಪ್ಪುನೀರಿಗೆ ಟೈಟಾನಿಯಂ ಹೀಟ್ ಎಕ್ಸ್‌ಚೇಂಜರ್ ಬೇಕೇ ಬೇಕು. ತಾಮ್ರ ಸಿಗಡಿ, ಹವಳಗಳಿಗೆ ವಿಷ.

ಇನ್ನೂ ಚಿಲ್ಲರ್ ಕೊಂಡಿಲ್ಲದವರೂ ಮೊದಲ ಗಂಟೆಯ ಪರೀಕ್ಷೆ ಮಾಡಬಹುದು. ಐಸ್ ಬಾಟಲಿಯಿಂದ ಬೇಕಾದ ಉಷ್ಣತೆಗೆ ತಂದು, ಬಾಟಲಿ ತೆಗೆದು, ಬಿಸಿ ಹೊತ್ತಿನಲ್ಲಿ ಒಂದು ಗಂಟೆ ಏರಿಕೆ ಅಳೆಯಿರಿ. ಜೀವಿಗಳು ಇನ್ನೂ ಬಂದಿಲ್ಲದ ತೊಟ್ಟಿಯಾದರೆ ಇನ್ನೂ ನಿರಾಳ. ಹೊರಗೆ ಇಡುವ ಪಂಪಿನ ಬದಲು ಮುಳುಗುವ ಪಂಪಿನಿಂದ ಚಿಲ್ಲರಿಗೆ ನೀರು ಕೊಡುವ ಯೋಚನೆಯಿದ್ದರೆ ಆ ಪಂಪಿನ ವ್ಯಾಟನ್ನೂ ಬಂದ ಉತ್ತರಕ್ಕೆ ಕೂಡಿಸಿ.

ಹೊಸದು ಬಂದ ಮೇಲೆ ಎರಡೂ ಗಂಟೆಯ ಅಳತೆ ಮತ್ತೊಮ್ಮೆ ಮಾಡಿ, ಏರಿಕೆ, ಇಳಿಕೆ, ಕೋಣೆಯ ಉಷ್ಣತೆ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಚಿಲ್ಲರಿನ ಮೈಗೆ ಅಂಟಿಸಿ. ಮುಂದಿನ ಬೇಸಿಗೆಯಲ್ಲಿ ಏರಿಕೆ ಅಷ್ಟೇ ಇದ್ದು ಇಳಿಕೆ ಕಡಿಮೆಯಾಗಿದ್ದರೆ ಮೊದಲು ಬ್ರಷ್ ಎತ್ತಿಕೊಳ್ಳಿ.